ಹೈಸ್ಕೂಲಿನಲ್ಲಿ ಕೈಕೆಲಸದ ಪಾಠ: ಪಾಬಳ ತೋರಿಸಿದ ದಾರಿ



ನಮ್ಮವರು ನಾಲ್ಕು ಜನ ಎಲ್ಲಿ ಸೇರಿದರೂ ಮೊದಲು ಬರುವ ಮಾತು ಕೆಲಸಗಾರರದ್ದು. ಜನ ಸಿಗುವುದಿಲ್ಲ, ಸಿಕ್ಕಿದವನಿಗೆ ಕೆಲಸ ಬರುವುದಿಲ್ಲ ಎಂಬುದು ಎಲ್ಲರ ದೂರು. ಹತ್ತನೆಯದೋ ಹನ್ನೆರಡನೆಯದೋ ಪಾಸಾದ ಹುಡುಗ ಬರುತ್ತಾನೆ. ಮೊಬೈಲಿನಲ್ಲಿ ಅವನು ನಮ್ಮ ಗುರು. ಆದರೆ ಗ್ಯಾಸ್ ವಾಸನೆ ಬಂದರೆ ಮೊದಲು ಏನು ಮಾಡಬೇಕು ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತಾನೆ. ಶೇಕಡಾವಾರು ಲೆಕ್ಕ ಪರೀಕ್ಷೆಯಲ್ಲಿ ಮಾಡಿದ್ದಾನೆ, ಆದರೆ ಒಂದು ಮೂಟೆ ಈರುಳ್ಳಿಯಲ್ಲಿ ಸಿಪ್ಪೆ ಎಷ್ಟು ಹೋಯಿತು ಎಂದು ಹೇಳಲು ಬರುವುದಿಲ್ಲ. ಇದರಲ್ಲಿ ಹುಡುಗನ ತಪ್ಪಿಲ್ಲ. ಶಾಲೆಯಲ್ಲಿ ಹತ್ತು ವರ್ಷ ಕುಳಿತರೂ ಅವನಿಗೆ ಯಾರೂ ಇದನ್ನು ಹೇಳಿಕೊಡಲಿಲ್ಲ.

ಹಿಂದೆ ಈ ವಿದ್ಯೆ ಸಿಗುತ್ತಿದ್ದದ್ದು ನಮ್ಮ ಹೋಟೆಲುಗಳಲ್ಲೇ. ಊರಿನಿಂದ ಹನ್ನೆರಡು ಹದಿಮೂರು ವರ್ಷದ ಹುಡುಗರು ಮುಂಬಯಿ, ಪುಣೆಗೆ ಬಂದು ಹಗಲು ಕಪ್ಪು ಬಸಿ ತೊಳೆಯುತ್ತಿದ್ದರು. ಮುಂಬಯಿಯಲ್ಲಿ ಅವರಿಗಾಗಿಯೇ ಕನ್ನಡ ರಾತ್ರಿ ಶಾಲೆಗಳಿದ್ದವು. ಹಾಗೆ ಕಲಿತು ಗಲ್ಲಾದ ಮೇಲೆ ಕುಳಿತವರು ನಮ್ಮಲ್ಲಿ ಬಹಳ ಮಂದಿ. ಅವರ ಕಥೆಯನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಕೈ ಸುಟ್ಟುಕೊಂಡು, ಶಾಲೆಯೂ ಇಲ್ಲದೆ, ಕೊನೆಯವರೆಗೂ ಟೇಬಲ್ ಒರೆಸಿಯೇ ಉಳಿದವರ ಕಥೆಯನ್ನು ಹೇಳುವವರಿಲ್ಲ.

2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ, ಚಹಾ ಅಂಗಡಿಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ಇಟ್ಟುಕೊಳ್ಳುವುದಕ್ಕೆ ನಿಷೇಧ ಬಂತು. 2016ರ ತಿದ್ದುಪಡಿಯಿಂದ ಕಾನೂನು ಇನ್ನೂ ಬಿಗಿಯಾಯಿತು. ಆ ಬಾಗಿಲು ಮುಚ್ಚಿದ್ದು ಸರಿಯೇ. ಆದರೆ ಅಲ್ಲಿ ಕಲಿಯುತ್ತಿದ್ದ ವಿದ್ಯೆಗೆ ಬೇರೆ ಬಾಗಿಲು ತೆರೆಯಬೇಕಲ್ಲ? ನನ್ನ ಅಭಿಪ್ರಾಯದಲ್ಲಿ ಆ ಬಾಗಿಲು ಹೈಸ್ಕೂಲಿನದು.

ಪಾಬಳದಲ್ಲಿ ಏನು ಮಾಡಿದರು?

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಮ್ಮ ಪುಣೆ ಜಿಲ್ಲೆಯ ಶಿರೂರು ತಾಲೂಕಿನಲ್ಲಿ ಪಾಬಳ ಎಂಬ ಹಳ್ಳಿಯಿದೆ. ಅಲ್ಲಿ 1983ರಲ್ಲಿ ಡಾ. ಶ್ರೀನಾಥ ಕಲಬಾಗ್ ಅವರು ವಿಜ್ಞಾನ ಆಶ್ರಮ ಸ್ಥಾಪಿಸಿದರು. ಅವರು ಆಹಾರ ತಂತ್ರಜ್ಞಾನ ಕಲಿತವರು. ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಲ್ಲಿ, ನಂತರ ಮುಂಬಯಿಯಲ್ಲಿ ಹಿಂದುಸ್ತಾನ್ ಲಿವರ್ ಕಂಪೆನಿಯ ಸಂಶೋಧನಾ ವಿಭಾಗದಲ್ಲಿ ದುಡಿದವರು. ದೊಡ್ಡ ಹುದ್ದೆ ಬಿಟ್ಟು ಮಳೆ ಕಡಿಮೆಯಿರುವ ಹಳ್ಳಿಗೆ ಬಂದು ಕೂತರು. 2003ರಲ್ಲಿ ತೀರಿಕೊಂಡರು.

ಅವರ ವಿಚಾರ ಸರಳ. ಕೈಯಿಂದ ಮಾಡಿ ಕಲಿತದ್ದು ತಲೆಯಲ್ಲಿ ಉಳಿಯುತ್ತದೆ. ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ವಾರದಲ್ಲಿ ಒಂದು ದಿನ ಕೆಲಸದ ಪಾಠ. ವಿಷಯ ನಾಲ್ಕು: ವೆಲ್ಡಿಂಗ್, ಬಡಗಿ, ಗಾರೆಯಂತಹ ವರ್ಕ್‌ಶಾಪ್ ಕೆಲಸ; ವಿದ್ಯುತ್ತು ಮತ್ತು ಪರಿಸರ; ಕೃಷಿ ಮತ್ತು ಪಶುಪಾಲನೆ; ಮನೆ ಮತ್ತು ಆರೋಗ್ಯ. ಈ ನಾಲ್ಕನೆಯದರಲ್ಲಿ ಅಡುಗೆ, ಆಹಾರ ಸಂಸ್ಕರಣೆ, ಹೊಲಿಗೆ ಬರುತ್ತವೆ. ಮಗು ನಾಲ್ಕನ್ನೂ ಕಲಿಯಬೇಕು. ಹುಡುಗಿಯೂ ವೆಲ್ಡಿಂಗ್ ಮಾಡುತ್ತಾಳೆ, ಹುಡುಗನೂ ಅಡುಗೆ ಮಾಡುತ್ತಾನೆ.

ಎರಡು ಸಂಗತಿ ನಮಗೆ ಮುಖ್ಯ. ಒಂದು, ಕಲಿಸುವವರು ಊರಿನ ಕಸಬುದಾರರೇ. ಪದವಿ ಇಲ್ಲದಿದ್ದರೂ ಕೈಯಲ್ಲಿ ಕೆಲಸವಿದ್ದವರು. ಎರಡು, ಮಕ್ಕಳು ಮಾಡುವುದು ಆಟದ ಮಾದರಿಯಲ್ಲ, ಊರಿಗೆ ಬೇಕಾದ ನಿಜವಾದ ಕೆಲಸ. ಮಹಾರಾಷ್ಟ್ರದ ಎಸ್ಸೆಸ್ಸಿ ಬೋರ್ಡು ಇದನ್ನು ಪಠ್ಯವಿಷಯವಾಗಿ ಒಪ್ಪಿಕೊಂಡಿತು, ಹಲವು ಹೈಸ್ಕೂಲುಗಳಿಗೆ ಇದು ಹಬ್ಬಿತು. ಶಾಲೆ ಬಿಟ್ಟ ಯುವಕರಿಗೂ ಆಶ್ರಮದಲ್ಲೇ ಒಂದು ವರ್ಷದ ಡಿಪ್ಲೊಮಾ ಇದೆ. ಕೆಲಸದ ಮೂಲಕ ವಿದ್ಯೆ ಎಂದು ಗಾಂಧೀಜಿ 1937ರ ವರ್ಧಾ ಸಮ್ಮೇಳನದಲ್ಲಿ ಹೇಳಿದ್ದನ್ನು ಇಂದಿನ ಯಂತ್ರಗಳಿಗೆ ಹೊಂದಿಸಿದ ಹಾಗೆ ಇದು.

ಏನೇನು ಕಲಿಸಬೇಕು?

ಎಲ್ಲ ಮಕ್ಕಳೂ ಹೋಟೆಲಿಗೆ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಡಾಕ್ಟರನಾದರೂ ಗುಮಾಸ್ತನಾದರೂ ಬೇಕಾಗುವ ಐದು ಪಾಠಗಳನ್ನು ಹೇಳುತ್ತೇನೆ.

1. ಬೆಂಕಿ, ಗ್ಯಾಸ್. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಕೈ ಸುಟ್ಟರೆ ಪೇಸ್ಟ್ ಬೇಡ, 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು.

2. ಶುಚಿ. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಂಪು ಪದಾರ್ಥ 5 ಡಿಗ್ರಿಗಿಂತ ಕೆಳಗೆ ಇರಬೇಕು. ನಡುವೆ ಬಿಟ್ಟರೆ ರೋಗಾಣು ಬೆಳೆಯುತ್ತದೆ. ನಿನ್ನೆಯ ಸಾಂಬಾರು ಏಕೆ ಹುಳಿಯಿತು ಎಂಬುದೇ ಒಂದು ವಿಜ್ಞಾನದ ಪಾಠ.

3. ಅಸಲು ಲೆಕ್ಕ. ಕಿಲೋಗೆ 30 ರೂಪಾಯಿಯಂತೆ 5 ಕಿಲೋ ಈರುಳ್ಳಿ ತಂದರೆ 150 ರೂಪಾಯಿ. ಸಿಪ್ಪೆ ಅರ್ಧ ಕಿಲೋ ಹೋದರೆ ಉಳಿದದ್ದು ನಾಲ್ಕೂವರೆ ಕಿಲೋ. ಅಂದರೆ ನಿಜವಾದ ಬೆಲೆ ಕಿಲೋಗೆ 33 ರೂಪಾಯಿ 33 ಪೈಸೆ. ಇದು ತಿಳಿಯದೆ ಮುಚ್ಚಿದ ಹೋಟೆಲುಗಳೆಷ್ಟೋ!

4. ಸಾಲ, ಬ್ಯಾಂಕು, ಮೊಬೈಲಿನ ಹಣ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ಕಡಿಮೆ ಎನಿಸುತ್ತದೆ. ಹತ್ತು ಸಾವಿರಕ್ಕೆ ವರ್ಷಕ್ಕೆ 3,600 ರೂಪಾಯಿ, ಅಂದರೆ ಶೇಕಡಾ 36! ಯು.ಪಿ.ಐ.ಯಲ್ಲಿ ಪಿನ್ ಕೇಳುವುದು ಹಣ ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕೆ ಅದು ಬೇಡ. ಈ ಒಂದು ಮಾತು ಗೊತ್ತಿದ್ದರೆ ಎಷ್ಟೋ ಮೋಸ ತಪ್ಪುತ್ತದೆ.

5. ಸಂಬಳದ ಚೀಟಿ ಓದುವುದು. ಪಿ.ಎಫ್.ಗೆ ಎಷ್ಟು ಹೋಯಿತು, ಧಣಿ ಎಷ್ಟು ಹಾಕಿದರು, ರಜೆ ಎಷ್ಟು? ಇದನ್ನು ಕಲಿಸಿದರೆ ನಮಗೇ ತೊಂದರೆ ಎಂದು ಕೆಲವರು ಹೇಳಬಹುದು. ಲೆಕ್ಕ ಗೊತ್ತಿದ್ದವನಿಗೆ ಸರಿಯಾದ ಲೆಕ್ಕ ಕೊಟ್ಟರೆ ಅವನು ನಿಲ್ಲುತ್ತಾನೆ. ಗೊತ್ತಿಲ್ಲದವನು ಯಾರೋ ಹೇಳಿದ ಮಾತು ಕೇಳಿ ಹಬ್ಬದ ಹಿಂದಿನ ದಿನವೇ ಗಂಟು ಕಟ್ಟುತ್ತಾನೆ.

ಪಾಠ ಊರಿಗೆ ತಕ್ಕಂತೆ ಇರಬೇಕು. ನಮ್ಮ ಸಾಸವಡ ಪುರಂದರ ತಾಲೂಕಿನದು. ಇಲ್ಲಿಯ ಅಂಜೂರಕ್ಕೆ 2016ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿದೆ, ಸೀತಾಫಲಕ್ಕೂ ಹೆಸರಿದೆ. ಇಲ್ಲಿಯ ಮಕ್ಕಳು ಅಂಜೂರ ಒಣಗಿಸುವುದು, ಸೀತಾಫಲದ ತಿರುಳು ತೆಗೆದು ಕಾಪಾಡುವುದು ಕಲಿತರೆ ಅಪ್ಪನ ಹೊಲಕ್ಕೂ ಲಾಭ. ಆಷಾಢದ ವಾರಿಯಲ್ಲಿ ಜ್ಞಾನೇಶ್ವರ ಮಹಾರಾಜರ ಪಾಲಖಿ ದಿವೇ ಘಾಟ್ ಹತ್ತಿ ಸಾಸವಡದಲ್ಲಿ ತಂಗುತ್ತದೆ. ಸಾವಿರ ವಾರಕರಿಗಳಿಗೆ ತಲೆಗೆ ಮೂರು ಲೀಟರಿನಂತೆ ಎಷ್ಟು ಕುಡಿಯುವ ನೀರು ಬೇಕು, ಅದನ್ನು ಶುದ್ಧ ಮಾಡುವುದು ಹೇಗೆ? ಇದಕ್ಕಿಂತ ಒಳ್ಳೆಯ ಗಣಿತ ಬೇರೆ ಬೇಕೆ?

ನಾವು ಮಾಡಬಹುದಾದದ್ದು

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹತ್ತು ದಿನ ಚೀಲವಿಲ್ಲದ ಶಾಲೆ ಎಂದಿದೆ. ಆ ದಿನಗಳಲ್ಲಿ ಊರಿನ ಕಸಬುದಾರರ ಬಳಿ ಕಲಿಯಬೇಕು. ಒಂಬತ್ತನೆಯಿಂದ ಹನ್ನೆರಡನೆಯವರೆಗೆ ವೃತ್ತಿ ವಿಷಯಗಳನ್ನು ಸಮಗ್ರ ಶಿಕ್ಷಾ ಯೋಜನೆಯಲ್ಲಿ ಹಲವು ಶಾಲೆಗಳು ತೆಗೆದುಕೊಂಡಿವೆ. ಆದರೆ ಕಲಿಸುವ ಕೈ ಬೇಕು. ಆ ಕೈ ನಮ್ಮಲ್ಲಿದೆ. ಮೂವತ್ತು ವರ್ಷ ಒಲೆಯ ಮುಂದೆ ನಿಂತ ಭಟ್ಟರಿಗಿಂತ ಚೆನ್ನಾಗಿ ಹಿಟ್ಟು ಹುದುಗುವುದನ್ನು ಯಾವ ಮೇಷ್ಟ್ರು ತೋರಿಸಿಯಾರು?

ಪ್ರತಿ ಊರಿನಲ್ಲಿ ನಮ್ಮ ಸದಸ್ಯರೊಬ್ಬರು ಹತ್ತಿರದ ಹೈಸ್ಕೂಲಿನ ಮುಖ್ಯೋಪಾಧ್ಯಾಯರನ್ನು ಕಾಣಲಿ. ಕನ್ನಡ ಶಾಲೆಯಾದರೂ ಸರಿ, ಮರಾಠಿ ಶಾಲೆಯಾದರೂ ಸರಿ. ಅನ್ನ ಕೊಟ್ಟ ಊರಿಗೆ ನಾವು ತಿರುಗಿ ಕೊಡುವುದೂ ಇರಬೇಕು. ತಿಂಗಳಿಗೆ ಎರಡು ಗಂಟೆ ಸಾಕು, ಮಧ್ಯಾಹ್ನ ಗಿರಾಕಿ ಕಡಿಮೆಯಿರುವ ಹೊತ್ತಿನಲ್ಲಿ.

ಒಂದು ಎಚ್ಚರಿಕೆ. ಕಲಿಯಲು ಬಂದ ಮಕ್ಕಳು ನೋಡಲು, ಕಲಿಯಲು ಬಂದವರು. ಅವರಿಂದ ಒಂದು ಲೋಟ ತೊಳೆಸಿ ಕೂಲಿ ಉಳಿಸಿದರೆ ಹಳೆಯ ಬಾಗಿಲನ್ನು ಹಿಂದಿನಿಂದ ತೆರೆದ ಹಾಗೆ. ಮಾಸ್ತರರು ಜೊತೆಗಿರಲಿ, ಪೋಷಕರ ಒಪ್ಪಿಗೆ ಇರಲಿ, ಕುದಿಯುವ ಎಣ್ಣೆಯ ಹತ್ತಿರ ಮಕ್ಕಳು ಬೇಡ.

ಓದುವುದಕ್ಕೆ ಕಳುಹಿಸಿದ್ದೇವೆ, ಅಡುಗೆಗಲ್ಲ ಎನ್ನುವ ತಂದೆತಾಯಿಗಳಿಗೂ ಒಂದು ಮಾತು. ದಡ್ಡರಿಗೆ ಮಾತ್ರ ಕೈಕೆಲಸ ಎಂದಿಟ್ಟರೆ ಆ ಪಾಠ ಸತ್ತಂತೆ. ಮೊದಲ ಬೆಂಚಿನವನೂ ಕೊನೆಯ ಬೆಂಚಿನವನೂ ಒಟ್ಟಿಗೆ ಕಲಿಯಬೇಕು, ನಮ್ಮ ಮಕ್ಕಳೂ ಅದರಲ್ಲಿರಬೇಕು. ಆಗ ಮುಂದೆ ನಮ್ಮ ಅಡುಗೆಮನೆಗೆ ಬರುವ ಹುಡುಗ ಬೇರೆ ದಾರಿಯಿಲ್ಲದೆ ಬಂದವನಾಗಿರದೆ, ಕೆಲಸ ತಿಳಿದು, ಇಷ್ಟಪಟ್ಟು ಬಂದವನಾಗಿರುತ್ತಾನೆ.