‘ಯೆಸ್’ ಎಂದವಳ ತಪ್ಪೇನು?

ಕಳೆದ ಮಳೆಗಾಲದ ಒಂದು ಸಂಜೆ. ನಮ್ಮಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಬಳಿಕ ಗಡಿಯಾಚೆಯ ಕಾಲೇಜಿನಲ್ಲಿ ಪದವಿ ಮುಗಿಸಿದ ಹುಡುಗಿಯೊಬ್ಬಳು ತಾಯಿಯೊಡನೆ ನಮ್ಮ ಮನೆಗೆ ಬಂದಿದ್ದಳು. ತಾಯಿ ಬೀಡಿ ಕಟ್ಟಿ ಮಗಳನ್ನು ಓದಿಸಿದವರು. ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ ಕುಳಿತ ಹುಡುಗಿ ಬಹಳ ಹೊತ್ತು ಬಾಯಿ ಬಿಡಲಿಲ್ಲ. ಕೊನೆಗೆ ಕೇಳಿದಳು: “ಸಾರ್, ಇಂಗ್ಲಿಷಿನಲ್ಲಿ ‘ಯೆಸ್’ ಅಂದರೆ ‘ಹೌದು’ ಅಲ್ಲವಾ?”

ವಿಷಯ ಇಷ್ಟು. ಹಿಂದಿನ ವಾರ ಅವಳು ಕೆಲಸವೊಂದರ ಸಂದರ್ಶನಕ್ಕೆ ಹೋಗಿದ್ದಳು. ಮೂವರು ಕುಳಿತಿದ್ದರು. ಹೆಸರು, ಊರು, ಓದು ಎಲ್ಲವನ್ನೂ ಚೆನ್ನಾಗಿಯೇ ಹೇಳಿದಳು. ಆಗ ಒಬ್ಬರು, ಧೈರ್ಯ ತುಂಬುವ ಉದ್ದೇಶದಿಂದಲೇ ಇರಬೇಕು, “ಯು ಆರ್ ನಾಟ್ ಅ ನರ್ವಸ್ ಪರ್ಸನ್, ಆರ್ ಯು?” ಎಂದು ಕೇಳಿದರಂತೆ. ನೀನು ಅಂಜುಬುರುಕಿಯಲ್ಲ ತಾನೇ ಎಂದು ಅದರ ಅರ್ಥ. ಅವಳು ತಲೆ ಎತ್ತಿ “ಯೆಸ್, ಸರ್” ಎಂದಳು. ಮೂವರೂ ಮುಖ ಮುಖ ನೋಡಿಕೊಂಡು ನಕ್ಕರು. ಏಕೆ ನಕ್ಕರೆಂದು ತಿಳಿಯದೆ ಅವಳಿಗೆ ನಿಜವಾಗಿಯೂ ಅಂಜಿಕೆ ಹಿಡಿಯಿತು. ಮುಂದಿನ ಪ್ರಶ್ನೆಗಳಿಗೆ ನಾಲಗೆ ಏಳಲಿಲ್ಲ.

ಆ ಕೆಲಸ ಅವಳಿಗೆ ಸಿಗಲಿಲ್ಲ. ಈ ಒಂದು ಮಾತಿನಿಂದಲೇ ತಪ್ಪಿತೆಂದು ನಾವು ಹೇಳಲಾರೆವು. ಆದರೆ ಆ ನಗೆಯ ಹೊಣೆ ಅವಳದಲ್ಲ, ಕಲಿಸಿದ ನಮ್ಮದು. ವಾಕ್ಯದ ಕೊನೆಗೆ ಇಂಥ ಪ್ರಶ್ನೆಯನ್ನು ಜೋಡಿಸುವುದು ಹೇಗೆಂದು ನಾವು ಕರಿಹಲಗೆಯಲ್ಲಿ ಎಷ್ಟೋ ಸಲ ಬರೆದಿದ್ದೇವೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿದೆ. ಅದಕ್ಕೆ ಉತ್ತರಿಸುವುದು ಹೇಗೆಂದು ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಆ ಬಾಕಿಯನ್ನು ತೀರಿಸಲೆಂದೇ ಈ ಲೇಖನ.

ಸ್ವಭಾವವನ್ನು ಕೇಳುವ ಬಗೆ

ಕನ್ನಡದಲ್ಲಿ “ನಿಮ್ಮ ಹೊಸ ಟೀಚರು ಹೇಗೆ?” ಎಂದು ಕೇಳಿದರೆ ಸಾಕು, ಮಕ್ಕಳು ಅವರ ಸ್ವಭಾವವನ್ನು ಹೇಳಿಯಾರು. ಇದನ್ನೇ “ಹೌ ಈಸ್ ಯುವರ್ ಟೀಚರ್?” ಎಂದು ಇಂಗ್ಲಿಷಿಗೆ ತಂದರೆ ಆರೋಗ್ಯ ವಿಚಾರಿಸಿದ ಹಾಗಾಗುತ್ತದೆ. ಸ್ವಭಾವವನ್ನು ಕೇಳಬೇಕಾದರೆ “ವಾಟ್ ಈಸ್ ಯುವರ್ ಟೀಚರ್ ಲೈಕ್?” ಎನ್ನಬೇಕು. ಇಲ್ಲಿ ‘ಲೈಕ್’ ಎಂದರೆ ‘ಹಾಗೆ, ಅಂಥ’ ಎಂದರ್ಥ. ಇಷ್ಟಪಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಾವು ಮೊದಲ ಸಲ ಇದನ್ನು ಎಂಟನೆಯ ತರಗತಿಯಲ್ಲಿ ಕೇಳಿದಾಗ ಹುಡುಗನೊಬ್ಬ ಎದ್ದು ನಿಂತು “ಮೈ ಟೀಚರ್ ಲೈಕ್ಸ್ ಟೀ” ಎಂದ. ಮಾತು ಸುಳ್ಳಾಗಿರಲಿಲ್ಲವಾದ್ದರಿಂದ ನಾವೂ ನಕ್ಕು ಸುಮ್ಮನಾದೆವು.

ಇನ್ನು ಪದಗಳು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ 1936ರಲ್ಲಿ ವೆಬ್‌ಸ್ಟರನ ದೊಡ್ಡ ನಿಘಂಟನ್ನು ಜಾಲಾಡಿ, ಮನುಷ್ಯರ ನಡತೆ ಸ್ವಭಾವಗಳನ್ನು ಬಣ್ಣಿಸುವ 17,953 ಪದಗಳನ್ನು ಪಟ್ಟಿ ಮಾಡಿದರು. ನಮ್ಮ ಮಕ್ಕಳ ಕೈಯಲ್ಲಿರುವುದೋ ‘ಗುಡ್’ ಮತ್ತು ‘ಬ್ಯಾಡ್’ ಎಂಬ ಎರಡು. ಹದಿನೆಂಟು ಸಾವಿರ ಯಾರಿಗೂ ಬೇಕಾಗಿಲ್ಲ. ಮೂವತ್ತು ನಲವತ್ತು ಸಾಕು. ಆದರೆ ಅವುಗಳ ತೂಕ ತಿಳಿದಿರಬೇಕು.

‘ಸರಳ ಮನುಷ್ಯ’ ಎಂದು ನಾವು ಗೌರವದಿಂದ ಹೇಳುತ್ತೇವೆ. ಅದನ್ನು “ಹೀ ಈಸ್ ಸಿಂಪಲ್” ಎಂದರೆ, ಇಂಗ್ಲಿಷ್ ಮನೆಮಾತಿನವರ ಕಿವಿಗೆ ‘ಬುದ್ಧಿ ಸ್ವಲ್ಪ ಮಂದ’ ಎಂದು ಕೇಳಿಸಬಹುದು. “ಹೀ ಲಿವ್ಸ್ ಸಿಂಪ್ಲಿ” ಅಥವಾ “ಹೀ ಈಸ್ ಅನ್‌ಅಸ್ಯೂಮಿಂಗ್” ಎಂದರೆ ನಮ್ಮ ಮನಸ್ಸಿನ ಮಾತು ಬಂದೀತು. ‘ಜಾಣ’ ಎಂಬಲ್ಲಿ ‘ಕ್ಲೆವರ್’ ಹೇಳಬಹುದು. ‘ಕನ್ನಿಂಗ್’ ಎಂದರೆ ಕಪಟ ಸೇರಿತು. ಲೆಕ್ಕವಿಟ್ಟು ಖರ್ಚು ಮಾಡುವವನು ‘ಥ್ರಿಫ್ಟಿ’, ಕೈಬಿಚ್ಚದ ಜಿಪುಣನು ‘ಮೈಸರ್ಲಿ’. ನಮ್ಮ ಮಗ ಹಿಡಿದ ಕೆಲಸ ಬಿಡದಿದ್ದರೆ ‘ಡಿಟರ್ಮಿನ್ಡ್’, ಆಚೆಮನೆಯವರ ಮಗ ಹಾಗೆಯೇ ಮಾಡಿದರೆ ‘ಸ್ಟಬರ್ನ್’! ಈ ಎರಡನೆಯ ಪಾಠವನ್ನು ಯಾವ ಭಾಷೆಯವರಿಗೂ ಹೇಳಿಕೊಡಬೇಕಾಗಿಲ್ಲ.

ಬಾಲಂಗೋಚಿಯ ನಿಯಮ

ಸ್ವಭಾವದ ಮಾತು ಬಂದಲ್ಲೆಲ್ಲ ಕೇಳುವವನ ಒಪ್ಪಿಗೆ ಬೇಕೆನಿಸುವುದು ಮನುಷ್ಯಸಹಜ. “ಪಾಪದ ಹೆಂಗಸು, ಅಲ್ಲವೇ?” ಎನ್ನುತ್ತೇವೆ. ತುಳುವಿನಲ್ಲಿ ‘ಅತ್ತಾ?’, ಹವ್ಯಕರ ಮನೆಮಾತಿನಲ್ಲಿ ‘ಅಲ್ಲದಾ?’, ಪೇಟೆಯ ಮಲಯಾಳದಲ್ಲಿ ‘ಅಲ್ಲೇ?’. ಮಾತು ಗಂಡಸಿನದಿರಲಿ ಹೆಂಗಸಿನದಿರಲಿ, ನಿನ್ನೆಯದಿರಲಿ ನಾಳೆಯದಿರಲಿ, ನಮಗೆ ಈ ಒಂದೇ ಪದ ಸಾಕು. ಫ್ರೆಂಚರಿಗೂ ಜರ್ಮನರಿಗೂ ಹೀಗೆ ಎಲ್ಲಕ್ಕೂ ಹೊಂದುವ ಒಂದೊಂದು ನುಡಿಗಟ್ಟು ಇದೆ.

ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಈ ‘ಟ್ಯಾಗ್ ಪ್ರಶ್ನೆ’ ಮುಂದಿನ ವಾಕ್ಯವನ್ನು ನೋಡಿ ರೂಪ ಬದಲಿಸುತ್ತದೆ. ಗಾಳಿಪಟ ಯಾವ ಕಡೆಗೆ ತಿರುಗಿದರೂ ಹಿಂದೆಯೇ ತಿರುಗುವ ಬಾಲಂಗೋಚಿಯಂತೆ ಎಂದು ನಾವು ತರಗತಿಯಲ್ಲಿ ಹೇಳುವುದುಂಟು. ಮೂರು ಸಂಗತಿಗಳನ್ನು ನೋಡಿದರೆ ಸಾಕು.

ಒಂದು: ವಾಕ್ಯದಲ್ಲಿರುವ ಸಹಾಯಕ ಕ್ರಿಯಾಪದವೇ ಬಾಲದಲ್ಲಿಯೂ ಬರಬೇಕು. “ಶೀ ಈಸ್ ಕೈಂಡ್, ಈಸಂಟ್ ಶೀ?” “ಹೀ ವಾಸ್ ರೂಡ್, ವಾಸಂಟ್ ಹೀ?” “ದೇ ಕ್ಯಾನ್ ಬೀ ಜೆಲಸ್, ಕಾಂಟ್ ದೇ?” ಸಹಾಯಕ ಕ್ರಿಯಾಪದ ಇಲ್ಲದಲ್ಲಿ ‘ಡೂ, ಡಸ್, ಡಿಡ್’ ಬರುತ್ತವೆ: “ಹೀ ಲೂಸಸ್ ಹಿಸ್ ಟೆಂಪರ್, ಡಸಂಟ್ ಹೀ?”

ಎರಡು: ಬಾಲದಲ್ಲಿ ಹೆಸರು ಬರುವುದಿಲ್ಲ, ಸರ್ವನಾಮವೇ ಬರಬೇಕು. “ಯುವರ್ ಮದರ್ ಈಸ್ ಪೇಶಂಟ್, ಈಸಂಟ್ ಶೀ?” ನಮ್ಮವರು ಎಲ್ಲಕ್ಕೂ ‘ಈಸಂಟ್ ಇಟ್’ ಹಾಕುವುದು ಇಲ್ಲಿಯೇ. “ಯುವರ್ ಮದರ್ ಈಸ್ ಪೇಶಂಟ್, ಈಸಂಟ್ ಇಟ್?” ಎಂದಾಗ ಅದು ಇಂಗ್ಲಿಷ್ ಉಡುಪು ತೊಟ್ಟ ನಮ್ಮ ‘ಅಲ್ಲವೇ’. ಇಂಗ್ಲೆಂಡಿನ ಬೀದಿಮಾತಿನಲ್ಲಿಯೂ ‘ಇನಿಟ್’ ಎಂಬ ಒಂದೇ ಬಾಲ ಎಲ್ಲಕ್ಕೂ ಅಂಟಿಕೊಳ್ಳುವುದಿದೆ. ಆದುದರಿಂದ ಹೀಗೆ ಮಾತನಾಡಿದವರನ್ನು ಹಾಸ್ಯ ಮಾಡಬೇಕಾಗಿಲ್ಲ. ಆದರೆ ಪರೀಕ್ಷೆಯಲ್ಲಿಯೂ ಅರ್ಜಿಯಲ್ಲಿಯೂ ಸಂದರ್ಶನದಲ್ಲಿಯೂ ನಿಯಮದಂತೆ ನಡೆಯುವುದು ಲೇಸು.

ಮೂರು: ವಾಕ್ಯ ‘ಇದೆ’ ಎಂದರೆ ಬಾಲ ‘ಇಲ್ಲವೇ’ ಎನ್ನಬೇಕು, ವಾಕ್ಯ ‘ಇಲ್ಲ’ ಎಂದರೆ ಬಾಲ ‘ಇದೆಯೇ’ ಎನ್ನಬೇಕು. “ಶೀ ಈಸಂಟ್ ಪ್ರೌಡ್, ಈಸ್ ಶೀ?” ‘ನೆವರ್’, ‘ಹಾರ್ಡ್ಲಿ’, ‘ಸೆಲ್ಡಮ್’ ಎಂಬ ಪದಗಳು ಹೊರನೋಟಕ್ಕೆ ನಿಷೇಧದಂತೆ ಕಾಣದಿದ್ದರೂ ಒಳಗೆ ನಿಷೇಧವೇ. “ಹೀ ನೆವರ್ ಟೆಲ್ಸ್ ಲೈಸ್, ಡಸ್ ಹೀ?” ಎಂಬುದು ಸರಿ, ‘ಡಸಂಟ್ ಹೀ’ ತಪ್ಪು. ‘ಐ ಆ್ಯಮ್’ ಎಂಬುದಕ್ಕೆ ಮಾತ್ರ ‘ಆರಂಟ್ ಐ’ ಎನ್ನುವ ವಿಚಿತ್ರ ಬಾಲವಿದೆ: “ಐ ಆ್ಯಮ್ ಸ್ಟ್ರಿಕ್ಟ್, ಆರಂಟ್ ಐ?”

ಧ್ವನಿಯ ಏರಿಳಿತವೂ ಮುಖ್ಯ. ಕೊನೆಯಲ್ಲಿ ಸ್ವರ ಇಳಿದರೆ, ‘ನನಗೆ ಗೊತ್ತಿದೆ, ನೀನೂ ಒಪ್ಪು’ ಎಂದರ್ಥ. ಏರಿದರೆ, ‘ನನಗೆ ಖಚಿತವಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ’ ಎಂದರ್ಥ. ತಾಳಮದ್ದಳೆ ಕೇಳಿ ಬೆಳೆದ ನಮ್ಮ ನಾಡಿನ ಮಕ್ಕಳಿಗೆ ಇದು ಕಷ್ಟವಾಗಬಾರದು. ನುರಿತ ಅರ್ಥಧಾರಿಯೊಬ್ಬರು ಸ್ವರವನ್ನು ತಗ್ಗಿಸಿ ‘ಹೌದಷ್ಟೆ?’ ಎಂದು ಎದುರಿನವರಿಂದ ಒಂದೊಂದೇ ಒಪ್ಪಿಗೆಯನ್ನು ಪಡೆದು, ಕೊನೆಗೆ ಅವರನ್ನು ಅವರ ಮಾತಿನಲ್ಲಿಯೇ ಕಟ್ಟಿಹಾಕುವುದನ್ನು ನಾವೆಲ್ಲ ಕಂಡವರೇ.

ಉತ್ತರದಲ್ಲಿರುವ ಗುಂಡಿ

ಈಗ ಆ ಹುಡುಗಿ ಎಡವಿದ ಜಾಗಕ್ಕೆ ಬರೋಣ. “ನೀನು ಅಂಜುಬುರುಕಿಯಲ್ಲ, ಅಲ್ಲವೇ?” ಎಂದು ಕನ್ನಡದಲ್ಲಿ ಕೇಳಿದರೆ “ಹೌದು ಸಾರ್” ಎನ್ನುತ್ತೇವೆ. ‘ನೀವು ಹೇಳಿದ್ದು ಹೌದು, ನಾನು ಅಂಥವಳಲ್ಲ’ ಎಂದು ಭಾವ. ನಮ್ಮ ‘ಹೌದು’ ಕೇಳಿದವರ ಮಾತಿಗೆ ಕೊಡುವ ಒಪ್ಪಿಗೆ.

ಇಂಗ್ಲಿಷಿನ ‘ಯೆಸ್’ ಹಾಗಲ್ಲ. ಅದು ಕೇಳಿದವರನ್ನು ನೋಡುವುದಿಲ್ಲ, ಸಂಗತಿಯನ್ನು ನೋಡುತ್ತದೆ. ಗುಣ ಇದ್ದರೆ ‘ಯೆಸ್’, ಇಲ್ಲದಿದ್ದರೆ ‘ನೋ’. ಪ್ರಶ್ನೆ ಯಾವ ರೂಪದಲ್ಲಿ ಬಂದರೂ ಉತ್ತರ ಬದಲಾಗುವುದಿಲ್ಲ. “ಯು ಆರ್ ನರ್ವಸ್, ಆರಂಟ್ ಯು?” ಎಂದರೂ, “ಯು ಆರ್ ನಾಟ್ ನರ್ವಸ್, ಆರ್ ಯು?” ಎಂದರೂ, ಅಂಜದವಳು ಹೇಳಬೇಕಾದ್ದು ಒಂದೇ: “ನೋ, ಐ ಆ್ಯಮ್ ನಾಟ್.” ನಮ್ಮ ಹುಡುಗಿಯ ‘ಯೆಸ್, ಸರ್’ ಅವರ ಕಿವಿಗೆ ‘ಹೌದು, ನಾನು ಅಂಜುಬುರುಕಿ’ ಎಂದು ಬಿತ್ತು. ವಿನಯದಿಂದ ಒಪ್ಪಿಕೊಳ್ಳಲು ಹೋಗಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿ ಬಂದಳು.

ಇದಕ್ಕೆ ಸುಲಭವಾದ ಉಪಾಯವಿದೆ. ಬಾಲವನ್ನು ಮರೆತುಬಿಡಿ. ಆ ಗುಣ ನನ್ನಲ್ಲಿ ಇದೆಯೇ ಇಲ್ಲವೇ ಎಂದಷ್ಟೇ ನೋಡಿ. ಇದ್ದರೆ “ಯೆಸ್, ಐ ಆ್ಯಮ್”, ಇಲ್ಲದಿದ್ದರೆ “ನೋ, ಐ ಆ್ಯಮ್ ನಾಟ್”. ಬರಿಯ ‘ಯೆಸ್’ ಅಥವಾ ‘ನೋ’ ಹೇಳಿ ನಿಲ್ಲಿಸಬೇಡಿ. ಹಿಂದೆ ಎರಡು ಪದ ಸೇರಿಸಿದರೆ, ಮೊದಲ ಪದದಲ್ಲಿ ನಾಲಗೆ ತಪ್ಪಿದರೂ ಅರ್ಥ ಉಳಿದೀತು.

ದೊಡ್ಡವರಾದ ನಮಗೂ ಒಂದು ಮಾತು

ವ್ಯಾಕರಣ ಮುಗಿಯಿತು, ಮನಸ್ಸಿನಲ್ಲಿ ಉಳಿದ ಇನ್ನೊಂದು ಸಂಗತಿ ಇದೆ. ಹೆತ್ತವರ ಸಭೆಯ ದಿನ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ “ಇವನು ಶುದ್ಧ ಸೋಮಾರಿ, ಅಲ್ಲವಾ ಮಾಷ್ಟ್ರೇ?” ಎಂದು ಕೇಳುವವರಿದ್ದಾರೆ. ಸ್ವರ ಇಳಿದೇ ಇರುತ್ತದೆ. ಅದು ಪ್ರಶ್ನೆಯಲ್ಲ, ತೀರ್ಪು. ‘ಹೌದು’ ಎಂದು ನಾವೂ ಎಷ್ಟೋ ಸಲ ಅದಕ್ಕೆ ಮೊಹರು ಒತ್ತಿದ್ದೇವೆ.

ಸ್ವಭಾವ ಹೇಳುವ ಒಂದೇ ಪದ ಏನೆಲ್ಲ ಮಾಡೀತೆಂಬುದನ್ನು ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು 1946ರಲ್ಲಿ ತೋರಿಸಿಕೊಟ್ಟರು. ಕಾಣದ ವ್ಯಕ್ತಿಯೊಬ್ಬನ ಗುಣಗಳೆಂದು ಏಳು ಪದಗಳನ್ನು ವಿದ್ಯಾರ್ಥಿಗಳಿಗೆ ಓದಿ ಹೇಳಿದರು: ಬುದ್ಧಿವಂತ, ನಿಪುಣ, ಶ್ರಮಜೀವಿ ಇತ್ಯಾದಿ. ಎರಡು ಗುಂಪಿಗೂ ಆರು ಪದಗಳು ಒಂದೇ. ಒಂದು ಗುಂಪಿಗೆ ಮಾತ್ರ ನಡುವೆ ‘ವಾರ್ಮ್’ (ಆತ್ಮೀಯ) ಎಂದು, ಇನ್ನೊಂದಕ್ಕೆ ‘ಕೋಲ್ಡ್’ (ನಿರ್ಭಾವುಕ) ಎಂದು ಓದಿದರು. ಮೊದಲಿನವರು ಆ ಮನುಷ್ಯನನ್ನು ಉದಾರಿಯೆಂದೂ ಸಂತೋಷಿಯೆಂದೂ ಕಲ್ಪಿಸಿಕೊಂಡರು. ಎರಡನೆಯವರಿಗೆ ಅವನು ಹಾಗೆ ಕಾಣಲೇ ಇಲ್ಲ. ಒಂದು ಪದದಿಂದ ಮನುಷ್ಯನೇ ಬೇರೆಯಾಗಿಬಿಟ್ಟ. ಅಂದಮೇಲೆ ಪ್ರಗತಿಪತ್ರದಲ್ಲಿ ನಾವು ಬರೆಯುವ ‘ಲೇಜಿ’, ‘ಡಲ್’ ಎಂಬ ಪದಗಳು ಮಗುವಿನ ಬೆನ್ನಿಗೆ ಎಷ್ಟು ದೂರ ಅಂಟಿಕೊಂಡು ಹೋಗುತ್ತವೆಯೋ!

ಬಾಲಪ್ರಶ್ನೆಗೆ ಒಳ್ಳೆಯ ಉಪಯೋಗವೂ ಇದೆ. ಹೆಂಗಸರು ಆತ್ಮವಿಶ್ವಾಸವಿಲ್ಲದೆ ಈ ಬಗೆಯ ಪ್ರಶ್ನೆಗಳನ್ನು ಹೆಚ್ಚು ಬಳಸುತ್ತಾರೆಂದು ಅಮೆರಿಕದ ಭಾಷಾವಿಜ್ಞಾನಿ ರಾಬಿನ್ ಲೇಕಾಫ್ 1975ರ ತಮ್ಮ ಗ್ರಂಥದಲ್ಲಿ ವಾದಿಸಿದ್ದರು. ನ್ಯೂಜಿಲೆಂಡಿನ ಜಾನೆಟ್ ಹೋಮ್ಸ್ 1984ರಲ್ಲಿ ಇದನ್ನು ಪರಿಶೀಲಿಸಿ, ಮಾತಿಗೆ ಇನ್ನೊಬ್ಬರನ್ನು ಸೇರಿಸಿಕೊಳ್ಳಲೂ ಇವು ಬಳಕೆಯಾಗುತ್ತವೆಂದು ತೋರಿಸಿದರು. ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕುಳಿತ ಮಗುವಿಗೆ “ನೀನು ಚಿತ್ರ ಚೆನ್ನಾಗಿ ಬಿಡಿಸುತ್ತೀ, ಅಲ್ಲವೇ?” ಎಂದರೆ ಅದು ತೀರ್ಪಲ್ಲ, ಕರೆ. ಅಂಥ ‘ಅಲ್ಲವೇ’ಗಳು ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಹೆಚ್ಚಲಿ.

ಮನೆಯಲ್ಲಿ ಕನ್ನಡ ಅಥವಾ ತುಳು, ಬಸ್ಸಿನಲ್ಲಿಯೂ ಕಚೇರಿಯಲ್ಲಿಯೂ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಮೂರು ನಾಲ್ಕು ಭಾಷೆಗಳ ನಡುವೆ ಓಡಾಡುವ ಮಕ್ಕಳು ನಮ್ಮವರು. ಅವರು ಎಡವಿದಾಗ ‘ಕನ್ನಡ ಮಾಧ್ಯಮದವರು, ಇನ್ನೇನು?’ ಎನ್ನುವವರಿಗೆ ಕೊರತೆಯಿಲ್ಲ. ತಪ್ಪು ಕನ್ನಡದ್ದಲ್ಲ. ಕನ್ನಡದ ‘ಹೌದು’ ಒಂದು ದಾರಿ, ಇಂಗ್ಲಿಷಿನ ‘ಯೆಸ್’ ಇನ್ನೊಂದು ದಾರಿ. ಎರಡು ದಾರಿ ಕವಲೊಡೆಯುವ ಜಾಗವನ್ನು ಮಕ್ಕಳಿಗೆ ತೋರಿಸಿಕೊಡಬೇಕಾದವರು ನಾವು. ಕನ್ನಡದಲ್ಲಿಯೇ ವಿವರಿಸಿದರೆ ಅದು ಅರ್ಧ ಗಂಟೆಯ ಪಾಠ.

ಆ ಸಂಜೆ ನಮ್ಮ ಜಗಲಿಯಲ್ಲಿಯೂ ಅರ್ಧ ಗಂಟೆಯೇ ಹಿಡಿಯಿತು. ಹುಡುಗಿ ಹತ್ತು ಹದಿನೈದು ಪ್ರಶ್ನೆಗಳಿಗೆ ಉತ್ತರಿಸಿದಳು. ಮೊದಲ ನಾಲ್ಕು ತಪ್ಪಿದವು, ಬಳಿಕ ತಪ್ಪಲಿಲ್ಲ. ಹೊರಡುವಾಗ ಮಳೆ ನಿಂತಿತ್ತು. ತಾಯಿ ಕೊಡೆ ಕೈಗೆತ್ತಿಕೊಂಡು ನಮ್ಮೊಡನೆ, “ಇವಳೇನೂ ಪುಕ್ಕಲಿ ಅಲ್ಲ, ಅಲ್ಲವಾ ಮಾಷ್ಟ್ರೇ?” ಎಂದರು. ನಾವು ಅಭ್ಯಾಸಬಲದಿಂದ “ಹೌದು, ಹೌದು” ಎಂದೆವು.

ಮೆಟ್ಟಲಿಳಿಯುತ್ತಿದ್ದ ಹುಡುಗಿ ತಿರುಗಿ ನಿಂತಳು. “ಇಂಗ್ಲಿಷಿನಲ್ಲಿ ಹೇಳುವಾಗ ‘ನೋ, ಶೀ ಈಸಂಟ್’ ಅಂತ ಹೇಳಬೇಕು ಸಾರ್” ಎಂದು ನಕ್ಕಳು.