ಕಾರ್ನ್‌ವಾಲ್‌ನ ನೀರೆತ್ತುವ ಎಂಜಿನ್

ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ತವರ, ತಾಮ್ರದ ಅದಿರು ಹೇರಳ; ಕಲ್ಲಿದ್ದಲು ಮಾತ್ರ ಇಲ್ಲ. ಗಣಿ ಆಳಕ್ಕಿಳಿದಷ್ಟೂ ನೀರು ಹೆಚ್ಚು. ಅದನ್ನು ಎತ್ತುವ ಎಂಜಿನ್ನಿಗೆ ಬೇಕಾದ ಕಲ್ಲಿದ್ದಲು ಸೌತ್ ವೇಲ್ಸ್‌ನಿಂದ ಹಡಗಿನಲ್ಲಿ ಬರಬೇಕಿತ್ತು. 19ನೇ ಶತಮಾನದ ಆರಂಭದಲ್ಲಿ ಇಲ್ಲಿ ರೂಪುಗೊಂಡ ಎಂಜಿನ್ನಿನ ಒಂದೊಂದು ಅಂಗದಲ್ಲೂ ಈ ಖರ್ಚಿನ ಚಿಂತೆ ಇದೆ.

ಎಂಜಿನ್ ಮನೆಯ ದಪ್ಪ ಗೋಡೆಯ ಮೇಲೆ, ನಮ್ಮ ಏತದಂತೆ ತೂಗುವ ಎರಕದ ಕಬ್ಬಿಣದ ತೊಲೆ. ಅದರ ಒಳತುದಿಗೆ ಪಿಸ್ಟನ್; ಹೊರತುದಿಗೆ ಗಣಿಯ ಆಳಕ್ಕೆ ಇಳಿಬಿಟ್ಟ ಮರದ ದಂಡಗಳು. ಹಬೆ ಪಿಸ್ಟನ್ನನ್ನು ಮೇಲಿನಿಂದ ಒತ್ತುತ್ತದೆ, ದಂಡಗಳು ಮೇಲೇರುತ್ತವೆ. ಆಮೇಲೆ ಒಂದು ಕವಾಟ ತೆರೆದು ಅದೇ ಹಬೆಯನ್ನು ಪಿಸ್ಟನ್ನಿನ ಕೆಳಬದಿಗೂ ಬಿಡುತ್ತದೆ. ಎರಡೂ ಕಡೆ ಒತ್ತಡ ಸಮವಾದಾಗ ದಂಡಗಳು ತಮ್ಮ ಭಾರಕ್ಕೇ ಇಳಿಯುತ್ತವೆ, ಇಳಿಯುತ್ತ ನೀರನ್ನು ಕೊಳವೆಯಲ್ಲಿ ಮೇಲಕ್ಕೆ ದೂಡುತ್ತವೆ. ಹಬೆ ಎತ್ತುವುದು ಮರವನ್ನು. ನೀರನ್ನು ಎತ್ತುವುದು ಮರದ ತೂಕ. ನನಗೆ ಈ ವಿನ್ಯಾಸದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ. ಆ ಭಾರದಿಂದ ಇನ್ನೊಂದು ಲಾಭವೂ ಉಂಟು. ಪಿಸ್ಟನ್ ಸ್ವಲ್ಪ ಇಳಿದ ಕೂಡಲೇ ಬಾಯ್ಲರಿನ ಹಬೆಯನ್ನು ತಡೆದುಬಿಡಬಹುದು. ಒಳಗಿರುವ ಹಬೆ ಹಿಗ್ಗುತ್ತ ದುರ್ಬಲವಾದರೂ, ಒಮ್ಮೆ ವೇಗ ಪಡೆದ ದಂಡಗಳು ಏರಾಟವನ್ನು ಪೂರೈಸುತ್ತವೆ.

ಹಬೆಯನ್ನು ಹೀಗೆ ಹಿಗ್ಗಿಸುವ ಉಪಾಯ ಜೇಮ್ಸ್ ವ್ಯಾಟ್‌ಗೆ ಗೊತ್ತಿತ್ತು. ಆದರೆ ಅವನು ಬಳಸಿದ್ದು ಕಡಿಮೆ ಒತ್ತಡದ ಹಬೆ, ಅದರಿಂದ ಸಿಗುವ ಉಳಿತಾಯ ಅಲ್ಪ. ವ್ಯಾಟ್‌ನ ಪೇಟೆಂಟ್ 1800ರಲ್ಲಿ ಮುಗಿಯಿತು. 1812ರಲ್ಲಿ ಕಾರ್ನ್‌ವಾಲ್‌ನವನೇ ಆದ ರಿಚರ್ಡ್ ಟ್ರೆವಿಥಿಕ್ ವೀಲ್ ಪ್ರಾಸ್ಪರ್ ಗಣಿಯಲ್ಲಿ ಹೆಚ್ಚು ಒತ್ತಡದ ಹಬೆಯಿಂದ ಇದನ್ನು ಸಾಧಿಸಿದ. ಈ ಎಂಜಿನ್ನಿಗೆ ಅವನು ಪೇಟೆಂಟ್ ಪಡೆಯಲಿಲ್ಲ.

ಸುಧಾರಣೆಗೆ ವೇಗ ಕೊಟ್ಟದ್ದು ಒಂದು ಮಾಸಿಕ ವರದಿ. 1811ರಿಂದ ಜೋಯಲ್ ಲೀನ್ ಗಣಿಗಣಿಯ ಲೆಕ್ಕ ಪ್ರಕಟಿಸತೊಡಗಿದ: ಒಂದು ಬುಷೆಲ್ ಕಲ್ಲಿದ್ದಲಿಗೆ ಎಷ್ಟು ಪೌಂಡ್ ನೀರು ಒಂದು ಅಡಿ ಮೇಲೇರಿತು? ಯಾರ ಎಂಜಿನ್ ಹೇಗೆ ದುಡಿಯಿತೆಂಬುದು ಎಲ್ಲರ ಕಣ್ಣೆದುರು ಬಂತು. ಸ್ಯಾಮ್ಯುಯೆಲ್ ಗ್ರೋಸ್ ಬಿಸಿ ಸೋರದಂತೆ ಸಿಲಿಂಡರು, ಕೊಳವೆಗಳಿಗೆ ಹೊದಿಕೆ ಹಾಕಿದ, ಉಳಿದವರೂ ಅನುಸರಿಸಿದರು. ವ್ಯಾಟ್‌ನ ಕಾಲದಲ್ಲಿ 2 ಕೋಟಿಯ ಆಸುಪಾಸಿನಲ್ಲಿದ್ದ ಅಂಕಿ, 1835ರಲ್ಲಿ ಫೋವಿ ಕನ್ಸಾಲ್ಸ್ ಗಣಿಯ ಪರೀಕ್ಷೆಯಲ್ಲಿ 12.5 ಕೋಟಿ ಮುಟ್ಟಿತು. ಗುಟ್ಟು ಬಚ್ಚಿಟ್ಟುಕೊಂಡಿದ್ದರೆ ಇಷ್ಟು ಬೇಗ ಇದು ಆಗುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಅಲ್ಲಿನ ದೊಡ್ಡ ತಾಮ್ರದ ಗಣಿಗಳನ್ನು ನಡೆಸಿದವರಲ್ಲಿ ಜಾನ್ ಟೇಲರ್ ಒಬ್ಬ. ಮುಂದೆ ಕೋಲಾರದ ಚಿನ್ನದ ಗಣಿಗಳನ್ನು ಕೈಗೆತ್ತಿಕೊಂಡ ಜಾನ್ ಟೇಲರ್ ಅಂಡ್ ಸನ್ಸ್ ಅವನ ಮನೆತನದ್ದೇ ಕಂಪನಿ; ಕಾರ್ನ್‌ವಾಲ್‌ನ ಗಣಿ ಕೆಲಸಗಾರರೂ ಅದರ ಜೊತೆ ಕೆಜಿಎಫ್‌ಗೆ ಬಂದರು. ಇದೇ ಬಗೆಯ, 90 ಅಂಗುಲ ವ್ಯಾಸದ ಸಿಲಿಂಡರಿನ ಎಂಜಿನ್ ಕಾರ್ನ್‌ವಾಲ್‌ನ ಈಸ್ಟ್ ಪೂಲ್ ಗಣಿಯಲ್ಲಿ 1954ರವರೆಗೂ ನೀರೆತ್ತಿತು. ಅದನ್ನು ಅಲ್ಲಿ ಈಗಲೂ ನೋಡಬಹುದು.