ವಿಮಾನದ ಆಯಿಲ್ ಫಿಲ್ಟರಿಗೆ ತಂತಿ ಏಕೆ?

ಪ್ರಶ್ನೆ: ಬಿ.ಸಿ. ರೋಡಿನ ಗ್ಯಾರೇಜುಗಳಲ್ಲಿ ಕಾರಿನ ಆಯಿಲ್ ಫಿಲ್ಟರನ್ನು ಕೈಯಿಂದಲೇ ತಿರುಗಿಸಿ ಕೂರಿಸುತ್ತಾರೆ. ಸಣ್ಣ ವಿಮಾನದಲ್ಲೂ ಹೀಗೆಯೇ ಮಾಡುತ್ತಾರೆಯೇ?
– ಓದುಗರು, ಬಂಟ್ವಾಳ

ಉತ್ತರ: ಇಲ್ಲ. ಬೆಳ್ತಂಗಡಿ ದಾಟಿ ಚಾರ್ಮಾಡಿ ಘಾಟಿ ಹತ್ತುವಾಗ ಆಯಿಲ್ ಸೋರಿದರೆ ಕಾರನ್ನು ಬದಿಗೆ ನಿಲ್ಲಿಸಬಹುದು. ಆಕಾಶದಲ್ಲಿ ಆ ಅವಕಾಶವಿಲ್ಲ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವಿಮಾನ ತರಬೇತಿ ಶಾಲೆಯ ಸೆಸ್ನಾ 172ರಂಥ ವಿಮಾನಗಳನ್ನು ನೋಡಿ. ಇವುಗಳ ಎಂಜಿನ್‌ಗಳ ಫಿಲ್ಟರಿನ ಹಿಂತುದಿಯಲ್ಲಿ ಸ್ಪ್ಯಾನರ್ ಹಿಡಿಯಲು ಆರು ಮೂಲೆಯ ನಟ್ಟು, ತಂತಿಗಾಗಿ ತೂತುಗಳು ಇರುತ್ತವೆ. ಫಿಲ್ಟರ್ ಬದಲಿಸುವಾಗ, ಹಳೆಯ ಫಿಲ್ಟರಿನ ಗ್ಯಾಸ್ಕೆಟ್ (ರಬ್ಬರ್ ಸೀಲು) ಎಂಜಿನ್ನಿಗೆ ಅಂಟಿ ಉಳಿದಿದೆಯೇ ಎಂದು ಮೊದಲು ನೋಡಬೇಕು. ಎರಡು ಗ್ಯಾಸ್ಕೆಟ್ ಸೇರಿದರೆ ಸೋರಿಕೆ ಖಚಿತ. ಹೊಸದಕ್ಕೆ ಡಿಸಿ-4 ಎಂಬ ಸಿಲಿಕೋನ್ ಲೇಪವನ್ನು ತೆಳುವಾಗಿ ಸವರಿ, ಟಾರ್ಕ್ ರೆಂಚಿನಿಂದ 16ರಿಂದ 18 ಅಡಿ-ಪೌಂಡ್ ಬಿಗಿ ಕೊಡುತ್ತಾರೆ. ಕಡಿಮೆಯಾದರೆ ಸಡಿಲ, ಹೆಚ್ಚಾದರೆ ಗ್ಯಾಸ್ಕೆಟ್ ಜಜ್ಜಿಹೋಗುತ್ತದೆ.

ಆಮೇಲೆ ಸುಮಾರು 0.8 ಮಿ.ಮೀ. ದಪ್ಪದ ಸ್ಟೀಲ್ ತಂತಿಯನ್ನು ತೂತಿನಲ್ಲಿ ತೂರಿಸಿ, ಜಡೆಯಂತೆ ಹೊಸೆದು ಎಂಜಿನ್ನಿಗೆ ಕಟ್ಟುತ್ತಾರೆ. ತಂತಿಯ ಎಳೆತ ಯಾವಾಗಲೂ ಬಿಗಿಯಾಗುವ ದಿಕ್ಕಿಗೇ ಇರಬೇಕು. ಎಂಜಿನ್ ಎಷ್ಟೇ ಅದುರಿದರೂ ಫಿಲ್ಟರ್ ಹಿಂದಕ್ಕೆ ತಿರುಗಬಾರದು. ಕೊನೆಗೆ ನೆಲದ ಮೇಲೆಯೇ ಎಂಜಿನ್ ಓಡಿಸಿ ಸೋರಿಕೆ ಪರೀಕ್ಷಿಸುತ್ತಾರೆ.

ಇಂಥ ವಿಮಾನಗಳಲ್ಲಿ ಹೆಚ್ಚಾಗಿ ಬಳಸುವ ಲೈಕಮಿಂಗ್ ಕಂಪನಿಯ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 50 ಗಂಟೆಗಳ ಹಾರಾಟ ಅಥವಾ 4 ತಿಂಗಳು, ಯಾವುದು ಮೊದಲೋ ಆಗ ಈ ಕೆಲಸ. ತೆಗೆದ ಫಿಲ್ಟರನ್ನು ಎಸೆಯುವುದಿಲ್ಲ. ಕತ್ತರಿಸಿ, ಒಳಗಿನ ಮಡಿಕೆಗಳನ್ನು ಬಿಡಿಸಿ ಲೋಹದ ಚೂರುಗಳಿಗಾಗಿ ಹುಡುಕುತ್ತಾರೆ. ಎಂಜಿನ್ ಒಳಗೆ ಯಾವುದಾದರೂ ಭಾಗ ಸವೆಯುತ್ತಿದ್ದರೆ, ಅದು ಕೆಡುವ ಮೊದಲೇ ತಿಳಿಯುವುದು ಈ ಪರೀಕ್ಷೆಯಿಂದ.